ಅತ್ತೆಯವರ ಮರೆವು: ಒಂದು ಪತ್ರಕ್ಕೆ ಉತ್ತರ

ಸೋದರಿ, ತಮ್ಮ ಮದುವೆಯ ದಿನದ ಸೀರೆಯಂಚಿನ ಬಣ್ಣವನ್ನು ಇಂದಿಗೂ ತಪ್ಪದೆ ಹೇಳಬಲ್ಲ ಅತ್ತೆಯವರು, ಈಗತಾನೆ ಕುಡಿದ ಕಾಫಿಯನ್ನು ಮರೆತು ಮತ್ತೆ ಕೇಳುವುದು ಹಟವಲ್ಲ, ನಟನೆಯಂತೂ ಅಲ್ಲವೇ ಅಲ್ಲ. 1906ರಲ್ಲಿ ಜರ್ಮನಿಯ ವೈದ್ಯ ಆಲೋಯಿಸ್ ಆಲ್‌ಝೈಮರನು ಮೊದಲು ವಿವರಿಸಿದ, ಅವನ ಹೆಸರನ್ನೇ ಹೊತ್ತ ವ್ಯಾಧಿಯು, ಹೊಸ ನೆನಪುಗಳನ್ನು ಅಚ್ಚೊತ್ತುವ ಹಿಪ್ಪೊಕ್ಯಾಂಪಸ್ ಎಂಬ ಮಿದುಳಿನ ಭಾಗವನ್ನು ಸಾಮಾನ್ಯವಾಗಿ ಆರಂಭದಲ್ಲಿಯೇ ಹಿಡಿಯುವುದರಿಂದ, ಹಳೆಯದು ಬಹುಕಾಲ ಉಳಿದು ನಿನ್ನೆಯದು ನಿಲ್ಲದೆ ಹೋಗುತ್ತದೆ.

ಆದರೂ ಇದೇ ರೋಗವೆಂದು ಮನೆಯಲ್ಲೇ ನಿರ್ಣಯಿಸಬೇಡಿರಿ. ಥೈರಾಯ್ಡ್ ದೋಷ, ಬಿ12 ಜೀವಸತ್ವದ ಕೊರತೆ, ಖಿನ್ನತೆ ಇವೂ ಇಂಥ ಮರೆವನ್ನು ತರಬಲ್ಲವು, ಇವಕ್ಕೆ ಚಿಕಿತ್ಸೆಯೂ ಉಂಟು. ಆದಕಾರಣ ನರರೋಗತಜ್ಞರಲ್ಲಿಗೆ, ಸಾಧ್ಯವಾದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ, ಕರೆದೊಯ್ಯಿರಿ. ಡೊನೆಪೆಜಿಲ್ ಮೊದಲಾದ ಔಷಧಗಳು ಲಕ್ಷಣಗಳನ್ನು ಕೆಲಕಾಲ ತಗ್ಗಿಸಬಹುದೇ ಹೊರತು ರೋಗವನ್ನು ನಿರ್ಮೂಲಗೊಳಿಸಲಾರವು.

ಬಳೆಗಳನ್ನು ತಾವೇ ಕದ್ದಿರೆಂದು ಅತ್ತೆಯವರು ನೆಂಟರೆದುರು ಆಡಿದ ಮಾತು ತಮ್ಮನ್ನು ಎಷ್ಟು ನೋಯಿಸಿದೆಯೆಂಬುದನ್ನು ಬಲ್ಲೆನು. ಎಲ್ಲಿಟ್ಟೆನೆಂಬುದು ನೆನಪಿಗೆ ಬಾರದ ಮನಸ್ಸು ಆ ಶೂನ್ಯವನ್ನು ತುಂಬಲು ಕಳ್ಳನನ್ನು ಕಲ್ಪಿಸಿಕೊಳ್ಳುತ್ತದೆ; ಸದಾ ಬಳಿಯಿದ್ದು ಉಪಚರಿಸುವವರೇ ಆರೋಪಕ್ಕೆ ಗುರಿಯಾಗುತ್ತಾರೆ. ವಾದಿಸಬೇಡಿರಿ, “ಬನ್ನಿ ಅತ್ತೆ, ಇಬ್ಬರೂ ಹುಡುಕೋಣ” ಎಂದು ಅಕ್ಕಿಡಬ್ಬಿಯಿಂದ ಆರಂಭಿಸಿರಿ. ಮುಂದೆ ದಾರಿ ತಪ್ಪುವುದು, ಸಂಜೆಯ ಕಳವಳ, ಕೊನೆಗೆ ನುಂಗುವುದಕ್ಕೂ ಕಷ್ಟ ಬರಬಹುದಾದ್ದರಿಂದ, ತಿಳಿವಳಿಕೆ ಇರುವಾಗಲೇ ಬ್ಯಾಂಕು, ಉಯಿಲುಗಳ ವಿಚಾರವನ್ನು ಅವರ ಇಚ್ಛೆಯಂತೆಯೇ ಮುಗಿಸಿರಿ; ಹೊರಗೆ ಹೋಗುವಾಗ ವಿಳಾಸದ ಚೀಟಿ ಅವರ ಬಳಿಯಿರಲಿ. ಈ ಉತ್ತರವನ್ನು ತಮ್ಮ ಯಜಮಾನರಿಗೂ ಓದಿಸಿ, ವಾರಕ್ಕೊಂದು ದಿನವಾದರೂ ತಾಯಿಯ ಪೂರ್ಣ ಹೊಣೆಯನ್ನು ಅವರೇ ಹೊರಬೇಕೆಂದು ನಾನು ಹೇಳಿದೆನೆಂದು ತಿಳಿಸಿರಿ.