ಎರಡು ರೂಪಾಯಿಯ ಜೆರಾಕ್ಸ್: ಒಂದು ವೆಚ್ಚದ ಪಾಠ

ಅರ್ಥಶಾಸ್ತ್ರದಲ್ಲಿ ವೆಚ್ಚದ ಪಾಠ ಬಂದಾಗ ನಾವು ಸ್ಥಿರ ವೆಚ್ಚ, ಬದಲಾಗುವ ವೆಚ್ಚ, ಸೀಮಾಂತ ವೆಚ್ಚ ಎಂಬ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿ ಮುಂದೆ ಹೋಗುತ್ತೇವೆ. ಪುಸ್ತಕದ ಉದಾಹರಣೆಗಳು ಯಾವುದೋ ಊರಿನ ಕಾರ್ಖಾನೆಯವು. ಆದರೆ ನಾವು ವಾರಕ್ಕೆ ಮೂರು ಸಲವಾದರೂ ಹೋಗುವ ಒಂದು ಉದ್ಯಮ ಕಾಲೇಜಿನ ಹತ್ತಿರವೇ ಇರುತ್ತದೆ. ಅದು ಜೆರಾಕ್ಸ್ ಮತ್ತು ಸ್ಟೇಷನರಿ ಅಂಗಡಿ. ಅಲ್ಲಿ ನಿಂತು "ಭಾಯ್, ಎರಡು ರೂಪಾಯಿ ಜಾಸ್ತಿ ಆಯ್ತು" ಎಂದು ಹೇಳದವರು ನಮ್ಮಲ್ಲಿ ಕಡಿಮೆ. ಎರಡು ರೂಪಾಯಿ ನಿಜವಾಗಿಯೂ ಜಾಸ್ತಿಯೇ? ವಾಣಿಜ್ಯ ವಿದ್ಯಾರ್ಥಿಗಳಾದ ನಾವು ಇದನ್ನು ಬಾಯಿಮಾತಿನಲ್ಲಿ ಅಲ್ಲ, ಲೆಕ್ಕದಲ್ಲಿ ನೋಡಬೇಕು.

ಮೊದಲು ಯಂತ್ರದ ಬಗ್ಗೆ ಎರಡು ಮಾತು. ಜೆರಾಕ್ಸ್ ಎಂಬುದು ಒಂದು ಅಮೆರಿಕನ್ ಕಂಪನಿಯ ಹೆಸರು. ಒಣ ಬರಹ ಎಂಬ ಅರ್ಥ ಬರುವ ಗ್ರೀಕ್ ಪದಗಳಿಂದ ಅದನ್ನು ಮಾಡಿದರು. ಚೆಸ್ಟರ್ ಕಾರ್ಲ್‌ಸನ್ ಎಂಬವರು 1938ರಲ್ಲಿ ಮೊದಲ ಪ್ರತಿ ತೆಗೆದರು, 1959ರಲ್ಲಿ ಕಚೇರಿಗೆ ಬರುವಂಥ ಯಂತ್ರ ಮಾರುಕಟ್ಟೆಗೆ ಬಂತು. ಇದರಲ್ಲಿ ಶಾಯಿ ಇಲ್ಲ, ಟೋನರ್ ಎಂಬ ಪುಡಿ ಇದೆ. ಪುಡಿಯನ್ನು ಬಿಸಿ ರೋಲರ್ ಹಾಳೆಯ ಮೇಲೆ ಕರಗಿಸಿ ಅಂಟಿಸುತ್ತದೆ. ಹಾಳೆ ಕೈಗೆ ಬೆಚ್ಚಗೆ ಬರುವುದು ಅದಕ್ಕೇ. ಮಳೆಗಾಲದಲ್ಲಿ ತೇವ ಹಿಡಿದ ಕಾಗದ ಪದೇ ಪದೇ ಸಿಕ್ಕಿಕೊಂಡು ಹಾಳಾಗುತ್ತದೆ, ಆ ಹಾಳೆಗೆ ಯಾರೂ ದುಡ್ಡು ಕೊಡುವುದಿಲ್ಲ.

ಈಗ ಲೆಕ್ಕ. ಕೆಳಗಿನ ಅಂಕಿಗಳು ಯಾವ ಅಂಗಡಿಯವೂ ಅಲ್ಲ, ಪರೀಕ್ಷೆಯಲ್ಲಿ ಕೊಡುವಂತೆ ನಾನು ಊಹಿಸಿಕೊಂಡವು. ನಿಮ್ಮ ಬೀದಿಯ ಅಂಕಿ ಹಾಕಿ ನೀವೇ ಮತ್ತೆ ಮಾಡಬಹುದು.

ಅಂಗಡಿಯವರು 80,000 ರೂಪಾಯಿಗೆ ಯಂತ್ರ ಕೊಂಡಿದ್ದಾರೆ ಎನ್ನಿ. ನಾಲ್ಕು ವರ್ಷ ಬಾಳುತ್ತದೆ, ಕೊನೆಗೆ ಗುಜರಿಗೆ 8,000 ಬರುತ್ತದೆ. ನೇರ ಪದ್ಧತಿಯಲ್ಲಿ ಸವಕಳಿ ವರ್ಷಕ್ಕೆ 18,000, ಅಂದರೆ ತಿಂಗಳಿಗೆ 1,500. ಬಾಡಿಗೆ 6,000. ಸಹಾಯಕನ ಸಂಬಳ 10,000. ಇಂಟರ್ನೆಟ್, ದೀಪ, ಫ್ಯಾನ್ ಸೇರಿ 1,500. ಒಟ್ಟು 19,000 ರೂಪಾಯಿ ಸ್ಥಿರ ವೆಚ್ಚ. ನಮ್ಮ ರಜೆಯ ತಿಂಗಳಲ್ಲಿ ಒಂದೇ ಒಂದು ಪುಟ ತೆಗೆಯದಿದ್ದರೂ ಇದು ತಪ್ಪುವುದಿಲ್ಲ.

ಬದಲಾಗುವ ವೆಚ್ಚ ಪುಟಕ್ಕೆ ಇಷ್ಟು: 500 ಹಾಳೆಯ ರಿಮ್‌ಗೆ 260 ರೂಪಾಯಿಯಂತೆ ಕಾಗದ 52 ಪೈಸೆ, ಟೋನರ್ 15, ಡ್ರಮ್ ಮತ್ತು ಬಿಡಿಭಾಗಗಳ ಸವೆತ 8, ವಿದ್ಯುತ್ ಮತ್ತು ಹಾಳಾದ ಹಾಳೆ 5. ಒಟ್ಟು 80 ಪೈಸೆ. ಎರಡು ರೂಪಾಯಿಗೆ ಮಾರಿದರೆ ಪುಟಕ್ಕೆ ಉಳಿಯುವುದು 1 ರೂಪಾಯಿ 20 ಪೈಸೆ.

ಇಲ್ಲಿಗೆ ನಿಂತರೆ ಶೇಕಡಾ 60 ಲಾಭ ಎಂದು ಅನ್ನಿಸುತ್ತದೆ. ಆದರೆ ಆ 1.20ರಲ್ಲಿ ಮೊದಲು 19,000 ತೀರಬೇಕು. 19,000ವನ್ನು 1.20ರಿಂದ ಭಾಗಿಸಿದರೆ ಸುಮಾರು 15,834 ಪುಟ. ತಿಂಗಳಿಗೆ 25 ದಿನ ಅಂಗಡಿ ತೆಗೆದರೆ ದಿನಕ್ಕೆ 633 ಪುಟ. ಅಲ್ಲಿಯವರೆಗೆ ಮಾಲೀಕರ ಕೈಗೆ ಒಂದು ರೂಪಾಯಿಯೂ ಇಲ್ಲ. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ನಿಲ್ಲುವ ಅವರ ದುಡಿಮೆಗೆ 15,000 ಇಟ್ಟರೆ ದಿನಕ್ಕೆ 1,100ಕ್ಕೂ ಹೆಚ್ಚು ಪುಟ ಬೇಕು. ಈ ದುಡಿಮೆಯ ಬೆಲೆಯನ್ನು ಪುಸ್ತಕ ಅವ್ಯಕ್ತ ವೆಚ್ಚ ಎನ್ನುತ್ತದೆ. ಎಷ್ಟೋ ಚಿಕ್ಕ ಅಂಗಡಿಯವರು ಅದನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಮನೆ ನಡೆಯುತ್ತಿದೆಯಲ್ಲ, ಅಷ್ಟೇ ಸಾಕು ಎನ್ನುತ್ತಾರೆ. ಪೆನ್ನು, ರೆಕಾರ್ಡ್ ಬುಕ್, ಲ್ಯಾಮಿನೇಷನ್, ಸ್ಪೈರಲ್ ಬೈಂಡಿಂಗ್ ಎಲ್ಲವನ್ನೂ ಒಂದೇ ಗೂಡಿನಲ್ಲಿ ಇಡುವುದು ಇದಕ್ಕಾಗಿಯೇ. ಅದೇ ಬಾಡಿಗೆ, ಅದೇ ಸಂಬಳ ಎಲ್ಲದರ ಮೇಲೂ ಹಂಚಿಹೋಗುತ್ತದೆ.

ಹಾಗಾದರೆ ನಾವು ಕಡಿಮೆ ಮಾಡಿ ಎಂದು ಕೇಳಲೇಬಾರದೇ? ಕೇಳಬಹುದು, ಆದರೆ ಎಲ್ಲಿ ಕೇಳಬೇಕು ಎಂದು ತಿಳಿದು ಕೇಳಬೇಕು. ಎರಡೂ ಬದಿ ಪ್ರಿಂಟ್ ತೆಗೆದರೆ ಪುಟಕ್ಕೆ ಕಾಗದದ ವೆಚ್ಚ 52ರಿಂದ 26 ಪೈಸೆಗೆ ಇಳಿಯುತ್ತದೆ, ಒಟ್ಟು ವೆಚ್ಚ 54 ಪೈಸೆ. ನೂರು ಪುಟದ ನೋಟ್ಸ್‌ಗೆ ಒಂದೇ ಬದಿಯಾದರೆ 200 ರೂಪಾಯಿ. ಎರಡೂ ಬದಿ, ಪುಟಕ್ಕೆ ಒಂದೂವರೆ ರೂಪಾಯಿ ಎಂದು ಒಪ್ಪಿದರೆ 150. ನಮಗೆ 50 ಉಳಿಯಿತು. ಅಂಗಡಿಗೆ 50 ನಷ್ಟವಾಯಿತೇ? ಇಲ್ಲ. ಮೊದಲು ಅವರಿಗೆ ಉಳಿಯುತ್ತಿದ್ದುದು 120, ಈಗ 96. ನಮಗೆ ಸಿಕ್ಕ 50ರಲ್ಲಿ 26 ರೂಪಾಯಿ ಬಳಸದೆ ಬಿಟ್ಟ ಕಾಗದದಿಂದ ಬಂತು, 24 ಮಾತ್ರ ಅವರ ಜೇಬಿನಿಂದ. ಇಂಥ ಚೌಕಾಸಿಗೆ ಅಂಗಡಿಯವರು ಸುಲಭವಾಗಿ ಒಪ್ಪುತ್ತಾರೆ.

ಸಮಯವೂ ಮುಖ್ಯ. ಮಧ್ಯಾಹ್ನದ ಬೆಲ್ ಹೊಡೆದ ಮೇಲೆ ಇಪ್ಪತ್ತು ಜನ ಕೈ ಚಾಚಿರುವಾಗ ಯಂತ್ರಕ್ಕೆ ಬಿಡುವಿಲ್ಲ. ಆಗ ನಮ್ಮ ನೂರು ಪುಟವನ್ನು ಕಡಿಮೆ ದರಕ್ಕೆ ಹಾಕಿದರೆ ಪೂರ್ತಿ ದರ ಕೊಡುವ ಗಿರಾಕಿ ಕಾಯುತ್ತಾನೆ, ಅಥವಾ ಪಕ್ಕದ ಅಂಗಡಿಗೆ ಹೋಗುತ್ತಾನೆ. ಅದೇ ನಾಲ್ಕೂವರೆಗೆ, ಯಂತ್ರ ಸುಮ್ಮನೆ ನಿಂತಿರುವಾಗ, ಎರಡೂ ಬದಿ ಪುಟಕ್ಕೆ ಒಂದು ರೂಪಾಯಿಗೆ ಮಾಡಿದರೂ 46 ಪೈಸೆ ಸಿಗುತ್ತದೆ. ಸೊನ್ನೆಗಿಂತ 46 ಪೈಸೆ ದೊಡ್ಡದು. ಸೀಮಾಂತ ವೆಚ್ಚ ಎಂದರೆ ಇದೇ. ನನಗೆ ಈ ಮಾತು ಕರಿಹಲಗೆಯ ರೇಖಾಚಿತ್ರದಿಂದ ಅರ್ಥವಾದದ್ದಕ್ಕಿಂತ ಅಂಗಡಿಯ ಕ್ಯೂ ನೋಡಿ ಹೆಚ್ಚು ಅರ್ಥವಾಯಿತು.

"ಜಿಎಸ್‌ಟಿ ಜಾಸ್ತಿಯಾಗಿದೆ" ಎಂಬ ಮಾತನ್ನೂ ಪರೀಕ್ಷಿಸೋಣ. 2025ರ ಸೆಪ್ಟೆಂಬರ್ 22ರಿಂದ ನೋಟ್ ಪುಸ್ತಕ, ಪೆನ್ಸಿಲ್, ಶಾರ್ಪನರ್, ರಬ್ಬರ್‌ಗಳ ಮೇಲೆ ತೆರಿಗೆ ಶೂನ್ಯ. ಆದರೆ ಜೆರಾಕ್ಸ್ ಕಾಗದದ ತೆರಿಗೆ ಶೇಕಡಾ 12ರಿಂದ 18ಕ್ಕೆ ಏರಿತು. ಆದ್ದರಿಂದ ನೋಟ್ ಪುಸ್ತಕ ಅಗ್ಗ, ಜೆರಾಕ್ಸ್ ತುಟ್ಟಿ ಎಂದು ಅಂಗಡಿಯವರು ಹೇಳಿದರೆ ಅದು ಸುಳ್ಳಲ್ಲ. ಎಷ್ಟು ತುಟ್ಟಿ? ನಮ್ಮ 260 ರೂಪಾಯಿಯ ರಿಮ್‌ನಲ್ಲಿ ತೆರಿಗೆ ಬಿಟ್ಟ ಬೆಲೆ ಸುಮಾರು 220. ಹಳೆಯ ದರದಲ್ಲಿ ಅದು 247ಕ್ಕೆ ಬರುತ್ತಿತ್ತು. ವ್ಯತ್ಯಾಸ ರಿಮ್‌ಗೆ 13 ರೂಪಾಯಿ, ಹಾಳೆಗೆ ಎರಡೂವರೆ ಪೈಸೆ ಚಿಲ್ಲರೆ. ಪುಟಕ್ಕೆ ಐವತ್ತು ಪೈಸೆ ಏರಿಸಲು ಈ ಕಾರಣ ಸಾಲದು. ಇನ್ನೊಂದು ವಿಷಯ. ಸೇವೆ ಕೊಡುವ ವ್ಯಾಪಾರಿಯ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ, ಸರಕು ಮಾತ್ರ ಮಾರುವವರದು 40 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ನೋಂದಣಿ ಇಲ್ಲದ ಚಿಕ್ಕ ಅಂಗಡಿ ನಮ್ಮಿಂದ ಜಿಎಸ್‌ಟಿ ಎಂದು ಬೇರೆಯಾಗಿ ವಸೂಲಿ ಮಾಡುವಂತಿಲ್ಲ, ತಾನು ಕಾಗದಕ್ಕೆ ಕೊಟ್ಟ ತೆರಿಗೆಯನ್ನು ಹಿಂದೆ ಪಡೆಯುವಂತೆಯೂ ಇಲ್ಲ. 2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಚಿಕ್ಕ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಎಷ್ಟೋ ಅಂಗಡಿಗಳು ಕ್ಯೂಆರ್ ಕೋಡ್ ತೆಗೆದು ನಗದು ಮಾತ್ರ ಎಂದು ಬರೆದದ್ದು ಈ ಮಿತಿಗಳ ಭಯದಿಂದಲೇ.

ಹಾಸ್ಟೆಲ್‌ನವರು, ಟ್ಯೂಷನ್ ಗೆಳೆಯರು ಸೇರಿ ರಿಮ್ ಕೊಳ್ಳುವುದಾದರೆ ಜಿಎಸ್ಎಮ್ ನೋಡಿ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಅದು. ಎ4 ಹಾಳೆ ಚದರ ಮೀಟರಿನ ಹದಿನಾರನೇ ಒಂದು ಭಾಗ. ಹಾಗಾಗಿ 75 ಜಿಎಸ್ಎಮ್‌ನ 500 ಹಾಳೆ ಸುಮಾರು 2.34 ಕೆಜಿ, 70 ಜಿಎಸ್ಎಮ್ ಆದರೆ 2.18 ಕೆಜಿ. ಕಿರಾಣಿ ಅಂಗಡಿಯ ತಕ್ಕಡಿಯಲ್ಲೇ ಪರೀಕ್ಷಿಸಬಹುದು. ಅಂದಹಾಗೆ ರಿಮ್ ಅಥವಾ ರೀಮ್ ಎಂಬ ಮಾತು ಇಂಗ್ಲಿಷಿನದು ಎಂದುಕೊಂಡಿದ್ದೇವೆ. ಅದರ ಮೂಲ ಅರಬ್ಬಿಯ ರಿಜ್ಮಾ, ಅಂದರೆ ಕಟ್ಟು. ಕಾಗದ, ರಸೀದಿ, ಜಮಾ, ಖರ್ಚು, ಬಾಕಿ ಇವೂ ಅರಬ್ಬಿ, ಫಾರ್ಸಿಯಿಂದ ಕನ್ನಡಕ್ಕೆ ಬಂದವು. ಉರ್ದು ಮನೆಯಿಂದ ಬಂದ ನನಗೆ ಲೆಕ್ಕಶಾಸ್ತ್ರದ ಕನ್ನಡ ಅರ್ಧ ಪರಿಚಯವಿದ್ದಂತೆ ಕಂಡದ್ದು ಇದಕ್ಕೇ.

ಭಾಷೆಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಕನ್ನಡವನ್ನು ನುಡಿಯ ಹಳೆಯ, ಯುನಿಕೋಡ್ ಅಲ್ಲದ ಅಕ್ಷರದಲ್ಲಿ ಟೈಪ್ ಮಾಡಿದ ಕಡತ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ತೆರೆಯುತ್ತದೆ. ಉರ್ದುವಿನಲ್ಲಿ ನಸ್ತಾಲಿಕ್ ಫಾಂಟ್ ಇಲ್ಲದಿದ್ದರೆ ಬರಹ ನಸ್ಖ್ ಲಿಪಿಗೆ ತಿರುಗುತ್ತದೆ. ಓದಬಹುದು, ಆದರೆ ಮನೆಯ ಹಿರಿಯರು ಅದನ್ನು ಉರ್ದು ಎಂದು ಒಪ್ಪುವುದು ಕಷ್ಟ. ಎರಡಕ್ಕೂ ಒಂದೇ ಉಪಾಯ, ಪಿಡಿಎಫ್ ಮಾಡಿ ಒಯ್ಯುವುದು.

ಇನ್ನು ದುಡ್ಡಿಗಿಂತ ದೊಡ್ಡ ವಿಷಯ. ವಿದ್ಯಾರ್ಥಿವೇತನದ ಅರ್ಜಿಯ ದಿನಗಳಲ್ಲಿ ಆಧಾರ್, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಎಲ್ಲವನ್ನೂ ನಾವು ಅಂಗಡಿಯ ಕಂಪ್ಯೂಟರಿಗೆ ಹಾಕುತ್ತೇವೆ. ಡೌನ್‌ಲೋಡ್ ಮಾಡಿದ ಆಧಾರ್ ಕಡತದ ಪಾಸ್‌ವರ್ಡ್ ನಮ್ಮ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ ಮತ್ತು ಹುಟ್ಟಿದ ವರ್ಷ. ಅದನ್ನು ಕೌಂಟರಿನ ಈಚೆಯಿಂದ ಕೂಗಿ ಹೇಳುವವರನ್ನು ನೀವೂ ನೋಡಿರುತ್ತೀರಿ. ಹತ್ತಿರ ಹೋಗಿ ನೀವೇ ಟೈಪ್ ಮಾಡಿ. ಸಾಧ್ಯವಿರುವ ಕಡೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಬಳಸಿ. ಪ್ರಿಂಟ್ ಆದ ಮೇಲೆ ಡೌನ್‌ಲೋಡ್ಸ್‌ನಿಂದಲೂ ರೀಸೈಕಲ್ ಬಿನ್‌ನಿಂದಲೂ ಅಳಿಸಲು ಹೇಳಿ. ಸರಿಯಾಗಿ ಬಾರದ ಪ್ರತಿಯನ್ನು ಅಲ್ಲೇ ಬುಟ್ಟಿಗೆ ಹಾಕದೆ ತೆಗೆದುಕೊಂಡು ಬನ್ನಿ.

ಹುಡುಗಿಯರಿಗೆ ಇನ್ನೊಂದು ತೊಂದರೆ ಇದೆ. ಅಂಗಡಿಯ ವಾಟ್ಸಾಪ್ ನಂಬರಿಗೆ ಕಡತ ಕಳಿಸಿದರೆ ನಮ್ಮ ನಂಬರೂ, ಎಲ್ಲರಿಗೂ ಕಾಣುವಂತೆ ಇಟ್ಟಿದ್ದರೆ ಫೋಟೋವೂ ಅಲ್ಲಿ ಉಳಿಯುತ್ತವೆ. ನಮ್ಮ ತರಗತಿಯಲ್ಲಿ ಹಲವರು ಇದೇ ಕಾರಣಕ್ಕೆ ಅಬ್ಬಾ ಅಥವಾ ಭಾಯ್ ಕೆಲಸದಿಂದ ಬರುವವರೆಗೆ ಕಾಯುತ್ತಾರೆ, ಅಷ್ಟರಲ್ಲಿ ಅಂಗಡಿ ಮುಚ್ಚಿರುತ್ತದೆ. ಈಮೇಲ್‌ನಲ್ಲಿ ಕಳಿಸಬಹುದು, ಪೆನ್‌ಡ್ರೈವ್ ಒಯ್ಯಬಹುದು (ಮನೆಗೆ ತಂದ ಮೇಲೆ ವೈರಸ್ ಇದೆಯೇ ನೋಡಿಕೊಳ್ಳಿ). ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ವಾಟ್ಸಾಪ್ ತೆರೆದಿದ್ದರೆ ಹೊರಡುವ ಮುಂಚೆ ಫೋನಿನ ಲಿಂಕ್ಡ್ ಡಿವೈಸಸ್‌ಗೆ ಹೋಗಿ ಲಾಗ್ಔಟ್ ಮಾಡಿ.

ಪುಸ್ತಕ ಜೆರಾಕ್ಸ್ ಮಾಡುವುದು ಅಪರಾಧವೇ ಎಂದು ಕೇಳುವವರಿದ್ದಾರೆ. ದೆಹಲಿ ವಿಶ್ವವಿದ್ಯಾಲಯದ ಆವರಣದ ಒಂದು ಫೋಟೋಕಾಪಿ ಅಂಗಡಿಯ ಮೇಲೆ ದೊಡ್ಡ ಪ್ರಕಾಶನ ಸಂಸ್ಥೆಗಳು 2012ರಲ್ಲಿ ದಾವೆ ಹೂಡಿದ್ದವು. ಪಾಠಕ್ಕೆ ಬೇಕಾದ ಭಾಗಗಳನ್ನು ಪ್ರತಿ ಮಾಡಿ ಕೊಡುವುದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಅವಕಾಶವಿದೆ ಎಂದು 2016ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಇದನ್ನು ಹಿಡಿದುಕೊಂಡು ಇಡೀ ಗೈಡನ್ನೇ ಪ್ರತಿ ಮಾಡಿ ಮಾರಬಹುದು ಎಂದುಕೊಳ್ಳಬಾರದು. ಮುನ್ನೂರು ಪುಟಕ್ಕೆ ಎರಡು ರೂಪಾಯಿಯಂತೆ 600 ಆಗುತ್ತದೆ, ಅಷ್ಟಕ್ಕೆ ಹೊಸ ಗೈಡೇ ಬರಬಹುದು.

ಕೊನೆಯ ಲೆಕ್ಕ ನಮ್ಮ ಉಪನ್ಯಾಸಕರಿಗೆ. ಪ್ರಾಜೆಕ್ಟ್ ವರದಿ 25 ಪುಟ, ಒಂದೇ ಬದಿ, ಅದರಲ್ಲಿ ನಾಲ್ಕು ಪುಟ ಬಣ್ಣದ್ದು, ಬಣ್ಣಕ್ಕೆ ಪುಟಕ್ಕೆ 10 ರೂಪಾಯಿ ಎಂದಿಟ್ಟುಕೊಂಡರೆ ಒಬ್ಬರಿಗೆ 82 ರೂಪಾಯಿ. ಎಲ್ಲವೂ ಕಪ್ಪು ಬಿಳುಪು, ಎರಡೂ ಬದಿ ಎಂದಾದರೆ 37 ರೂಪಾಯಿ 50 ಪೈಸೆ. ಅರವತ್ತು ಜನರ ತರಗತಿಗೆ 4,920ರ ಬದಲು 2,250. ವಿಷಯ ಎರಡು, ಮೂರು ಆದಾಗ ಈ ಅಂತರ ಕೆಲವು ಮನೆಗಳಲ್ಲಿ ಒಂದು ವಾರದ ಬಸ್ ಚಾರ್ಜು. ಬಣ್ಣದ ಮುಖಪುಟಕ್ಕೆ ಅಂಕವಿಲ್ಲ ಎಂದೂ, ಎರಡೂ ಬದಿಯ ವರದಿಯನ್ನು ಸ್ವೀಕರಿಸುತ್ತೇವೆ ಎಂದೂ ಈ ಸಲದ ಪ್ರಾಜೆಕ್ಟ್ ಸೂಚನೆಯಲ್ಲೇ ಬರೆದು ಹಾಕಬೇಕೆಂದು ದ್ವಿತೀಯ ಪಿಯುಸಿ ವಾಣಿಜ್ಯ ವಿದ್ಯಾರ್ಥಿಗಳ ಪರವಾಗಿ ಕೇಳಿಕೊಳ್ಳುತ್ತೇನೆ.