ಹೃದಯ ಮತ್ತು ಶ್ವಾಸಕೋಶದ ರೋಗಿಗಳಿಗೆ ಫ್ಲೂ ಲಸಿಕೆ

ಪ್ರಿಯ ದಂಪತಿಗಳೇ,

ಅರಸೀಕೆರೆ ಸೀಮೆಯಲ್ಲಿ ತೆಂಗಿನ ಸೋಗೆ, ಮಟ್ಟೆ ಉರಿಸುವ ಒಲೆಯ ಮುಂದೆ ಬಾಳು ಸವೆಸಿದ ಅತ್ತೆಯವರಿಗೆ ದಮ್ಮು ಹತ್ತಿರುವುದುಂಟು. ಬಹುಕಾಲ ಬೀಡಿ ಸೇದಿದ ಮಾವನವರಿಗೆ ಕೆಮ್ಮು, ಕಫ ಬಿಡದಿರುವುದುಂಟು. ಒಮ್ಮೆ ಹೃದಯಾಘಾತವಾಗಿ ಚೇತರಿಸಿಕೊಂಡವರೂ ಇರುವರು. ಇಂಥವರು ನಿಮ್ಮ ಮನೆಯಲ್ಲಿದ್ದರೆ ಈ ಪಾಠವನ್ನು ಗಮನವಿಟ್ಟು ಓದಿರಿ.

ಫ್ಲೂ ಬರಿಯ ನೆಗಡಿಯಲ್ಲ. ಇನ್‌ಫ್ಲುಯೆಂಜಾ ಎಂಬ ವೈರಾಣುವಿನಿಂದ ಬರುವ ಈ ಜ್ವರವು ಕೆಮ್ಮು, ಸೀನುಗಳ ಮೂಲಕ ಹರಡುತ್ತದೆ. 1918ರಲ್ಲಿ ಇದು ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಗಟ್ಟಿಮುಟ್ಟಾದವರು ಸಾಮಾನ್ಯವಾಗಿ ಒಂದು ವಾರದಲ್ಲಿ ಗುಣ ಹೊಂದುವರು. ದಮ್ಮಿನ ರೋಗಿಗಳಲ್ಲಾದರೋ ಉಸಿರಾಟ ಇನ್ನಷ್ಟು ಬಿಗಿಯಾಗಿ ನ್ಯುಮೋನಿಯಾ ಉಂಟಾಗಬಹುದು. ಹೃದಯಕ್ಕೂ ಅಪಾಯವುಂಟು: ಫ್ಲೂ ತಗುಲಿದ ಮೊದಲ ವಾರದಲ್ಲಿ ಹೃದಯಾಘಾತದ ಸಂಭವವು ಸುಮಾರು 6 ಪಟ್ಟು ಹೆಚ್ಚುವುದೆಂದು ಕೆನಡಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು.

ಇದನ್ನು ತಡೆಯಲು ಲಸಿಕೆಯಿದೆ. ವೈರಾಣು ವರ್ಷವರ್ಷವೂ ರೂಪ ಬದಲಿಸುವುದರಿಂದ ಪ್ರತಿ ವರ್ಷವೂ ಒಂದು ಚುಚ್ಚುಮದ್ದು ಹಾಕಿಸಬೇಕು. ನಮ್ಮಲ್ಲಿ ಮಳೆಗಾಲದಲ್ಲಿ ಫ್ಲೂ ಹೆಚ್ಚುತ್ತದೆ. ಲಸಿಕೆಯ ರಕ್ಷಣೆ ಮೂಡಲು ಸುಮಾರು 2 ವಾರ ಬೇಕು. ಆದುದರಿಂದ ಯುಗಾದಿ ಕಳೆದ ಮೇಲೆ, ಮುಂಗಾರು ಹಿಡಿಯುವ ಮುನ್ನ ಹಾಕಿಸುವುದು ಲೇಸು.

"ಚುಚ್ಚುಮದ್ದಿನಿಂದಲೇ ಜ್ವರ ಬರುತ್ತದೆ" ಎಂಬ ಮಾತನ್ನು ಕೇಳಿರಬಹುದು. ಈ ಚುಚ್ಚುಮದ್ದಿನಲ್ಲಿ ಜೀವಂತ ವೈರಾಣು ಇರುವುದಿಲ್ಲ. ಅದರಿಂದ ಫ್ಲೂ ಬರಲಾರದು. ಒಂದೆರಡು ದಿನ ತೋಳು ನೋಯಬಹುದು, ಮೈ ಬೆಚ್ಚಗಾಗಬಹುದು. ಲಸಿಕೆ ಪಡೆದವರಿಗೂ ಒಮ್ಮೊಮ್ಮೆ ಫ್ಲೂ ಬರಬಹುದು. ಆದರೆ ಅದು ಉಲ್ಬಣಿಸುವ ಸಂಭವ ಕಡಿಮೆ. ಹಿಂದೆ ಈ ಲಸಿಕೆಯಿಂದ ತೀವ್ರ ತೊಂದರೆಯಾಗಿದ್ದರೆ, ಅಥವಾ ಈಗ ಜ್ವರವಿದ್ದರೆ, ಮೊದಲು ವೈದ್ಯರಿಗೆ ತಿಳಿಸಿರಿ.

ಮಕ್ಕಳಿಗೆ ಸರ್ಕಾರವು ಉಚಿತವಾಗಿ ಹಾಕುವ ಲಸಿಕೆಗಳಲ್ಲಿ ಇದು ಸೇರಿಲ್ಲ. ಎಲ್ಲಿ ದೊರೆಯುವುದು, ಖರ್ಚೆಷ್ಟು ಎಂಬುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೋ ತಾಲ್ಲೂಕು ಆಸ್ಪತ್ರೆಯಲ್ಲಿಯೋ ವಿಚಾರಿಸಿರಿ. ಕೊಬ್ಬರಿ ಮಾರಿದ ಹಣದಲ್ಲಿ ಇದಕ್ಕಾಗಿ ಸ್ವಲ್ಪ ತೆಗೆದಿಡಿರಿ. ಆಸ್ಪತ್ರೆ ಸೇರಿದರೆ ಆಗುವ ವೆಚ್ಚದ ಮುಂದೆ ಇದು ಅಲ್ಪ.

ಸಂತೆಗೂ ಕೆಲಸಕ್ಕೂ ಹೋಗಿಬರುವ ನೀವೇ ರೋಗವನ್ನು ಮನೆಗೆ ತರಬಹುದು. ಆದಕಾರಣ ನೀವಿಬ್ಬರೂ ಲಸಿಕೆ ಪಡೆದರೆ ಹಿರಿಯರಿಗೆ ಹೆಚ್ಚಿನ ಕಾವಲು. ಗರ್ಭಿಣಿಯರಿಗೂ ಇದು ಹಿತಕರ, ವೈದ್ಯರನ್ನು ಕೇಳಿರಿ.

ರೋಗಿಗೆ ಉಸಿರು ಕಟ್ಟಿದರೆ, ಎದೆ ನೊಂದರೆ, ತುಟಿ ನೀಲಿಯಾದರೆ ಕಷಾಯ ಕೊಟ್ಟು ಕಾಯಬೇಡಿರಿ. ಕೂಡಲೇ 108ಕ್ಕೆ ಕರೆ ಮಾಡಿರಿ. ಹಿರಿಯರ ಉಸಿರು ಮನೆಯ ಆಸ್ತಿ; ಅದನ್ನು ಕಾಯುವ ಹೊಣೆ ನಿಮ್ಮಿಬ್ಬರದು.