ದಾಸವಾಳದ ಪರಾಗ: ಮುಳ್ಳು, ರಂಧ್ರ, ಗೋಡೆ

ಸೂಕ್ಷ್ಮದರ್ಶಕವನ್ನು ಮೊದಲ ಸಲ ಮುಟ್ಟುವವರಿಗೆ ನಾನು ಕೊಡುವ ಹೂವು ದಾಸವಾಳ. ಇದಕ್ಕೆ ಕಾರಣ ಅದರ ಪರಾಗರೇಣುವಿನ ಗಾತ್ರ. ಭತ್ತದ ರೇಣು ಸುಮಾರು 40 ಮೈಕ್ರೋಮೀಟರ್ ಇದ್ದರೆ, ಮುಟ್ಟಿದರೆ ಮುನಿಯದು 10ರ ಆಸುಪಾಸು. ದಾಸವಾಳದ್ದು 100 ಮೈಕ್ರೋಮೀಟರ್ ದಾಟುತ್ತದೆ. ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ದೊಡ್ಡದು. ಕಪ್ಪು ಕಾಗದದ ಮೇಲೆ ಉದುರಿಸಿದರೆ ಒಂದೊಂದು ರೇಣುವೂ ಹಳದಿ ಚುಕ್ಕೆಯಾಗಿ ಬರಿಗಣ್ಣಿಗೇ ಕಾಣುತ್ತದೆ.

ಐದೆಸಳಿನ ಸಾದಾ ದಾಸವಾಳವನ್ನೇ ಆರಿಸಿ. ಸುತ್ತು ದಾಸವಾಳದಲ್ಲಿ ಕೇಸರಗಳು ಎಸಳುಗಳಾಗಿ ಮಾರ್ಪಟ್ಟಿರುವುದರಿಂದ ಪರಾಗ ಸಿಗುವುದು ಕಡಿಮೆ. ಹೂವಿನ ನಡುವಿನಿಂದ ಹೊರಚಾಚಿದ ಉದ್ದನೆಯ ಕೊಳವೆಯನ್ನು ನೋಡಿ. ಕೇಸರಗಳ ದಂಟುಗಳೆಲ್ಲ ಕೂಡಿಕೊಂಡು ಆದದ್ದು ಅದು. ಅದರ ಸುತ್ತ ಅಂಟಿದಂತಿರುವ ಹಳದಿ ಗುಂಡುಗಳು ಪರಾಗಕೋಶಗಳು. ಕೊಳವೆಯ ಒಳಗೆ ಹಾದು ತುದಿಯಲ್ಲಿ ಐದಾಗಿ ಕವಲೊಡೆದಿರುವುದು ಹೆಣ್ಣು ಭಾಗ, ಶಲಾಕೆ.

ಬಿರಿದ ಪರಾಗಕೋಶವೊಂದನ್ನು ಗಾಜಿನ ಪಟ್ಟಿಯ ಮೇಲೆ ಮೆಲ್ಲಗೆ ತಟ್ಟಿ. ನೀರು ಹಾಕಬೇಡಿ. ರೇಣು ನೀರನ್ನು ಹೀರಿ ಉಬ್ಬುತ್ತದೆ, ಎಷ್ಟೋ ಸಲ ಒಡೆದು ಒಳಗಿನದೆಲ್ಲ ಹೊರಚೆಲ್ಲುತ್ತದೆ. ಒಣಗಿದ್ದನ್ನೇ ನೂರು ಪಟ್ಟು ಹಿಗ್ಗಿಸಿ ನೋಡಿ. ಮೊದಲಿಗೆ ಕಾಣುವುದು ದತ್ತೂರಿ ಕಾಯಿಯಂಥ ಗುಂಡು, ಮೈತುಂಬ ಮುಳ್ಳು. ಇನ್ನು ಸೂಕ್ಷ್ಮ ತಿರುಪನ್ನು ಅವಸರಿಸದೆ ತಿರುಗಿಸಿ. ರೇಣುವಿನ ನೆತ್ತಿ ಸ್ಪಷ್ಟವಾದಾಗ ಮುಳ್ಳುಗಳು ಬರೀ ಚುಕ್ಕೆಗಳು. ನೋಟ ಕೆಳಗಿಳಿದಂತೆ ಚುಕ್ಕೆಗಳು ಮಸುಕಾಗಿ, ಅಂಚಿನಲ್ಲಿ ಅವೇ ಮುಳ್ಳುಗಳು ನೆಟ್ಟಗೆ ಎದ್ದು ನಿಲ್ಲುತ್ತವೆ. ಇಲ್ಲಿ ಸ್ವಲ್ಪ ಹೊತ್ತು ಕಳೆಯಿರಿ. ಸೂಕ್ಷ್ಮದರ್ಶಕ ಒಂದು ಸಲಕ್ಕೆ ಒಂದು ಪದರವನ್ನಷ್ಟೇ ತೋರಿಸುತ್ತದೆ, ಉಳಿದ ಆಕಾರವನ್ನು ನಾವು ಮನಸ್ಸಿನಲ್ಲಿ ಕೂಡಿಸಿಕೊಳ್ಳಬೇಕು. ನನ್ನ ಮಟ್ಟಿಗೆ ಈ ವಿದ್ಯೆಯ ಅರ್ಧ ಭಾಗ ಇದೇ.

ಮುಳ್ಳುಗಳ ನಡುವೆ ಮೈಯೆಲ್ಲ ಹರಡಿದ ಸಣ್ಣ ರಂಧ್ರಗಳಿವೆ. ಮುಳ್ಳು ಇರುವುದು ಪಯಣಕ್ಕೆ, ರಂಧ್ರ ಇರುವುದು ಪಯಣ ಮುಗಿದ ಮೇಲಿನ ಕೆಲಸಕ್ಕೆ. ರೇಣುವಿನ ಮೇಲೆ ಎಣ್ಣೆಯಂಥ ಅಂಟು ಲೇಪವಿರುತ್ತದೆ. ಅಂಟಿನಿಂದಲೂ ಮುಳ್ಳಿನಿಂದಲೂ ರೇಣು ಹಕ್ಕಿಯ ಪುಕ್ಕಕ್ಕೆ, ಚಿಟ್ಟೆಯ ರೋಮಕ್ಕೆ ಕಚ್ಚಿಕೊಳ್ಳುತ್ತದೆ. ಜೇನುನೊಣಕ್ಕೆ ಮಾತ್ರ ಈ ಮುಳ್ಳು ತೊಡಕು. ಅದು ಪರಾಗವನ್ನು ಒತ್ತಿ ಉಂಡೆಮಾಡಿ ಹಿಂಗಾಲಿನ ಬುಟ್ಟಿಯಲ್ಲಿ ತುಂಬಿಕೊಳ್ಳಬೇಕು, ಮುಳ್ಳಿನ ರೇಣುಗಳು ಹಾಗೆ ಸುಲಭಕ್ಕೆ ಒತ್ತಿಕೊಳ್ಳುವುದಿಲ್ಲ. ಮರಿಗಳ ಮೇವಾಗಿ ಗೂಡು ಸೇರಬೇಕಾಗಿದ್ದ ಪರಾಗ ಹೀಗೆ ಗಿಡದ ಪಾಲಿಗೆ ಉಳಿಯುತ್ತದೆ.

ರೇಣು ಶಲಾಕೆಯ ತುದಿಗೆ ತಲುಪಿದರೆ ರಂಧ್ರದ ಸರದಿ. ಅಲ್ಲಿನ ತೇವ ಹೀರಿ ರೇಣು ಚುರುಕಾಗುತ್ತದೆ, ರಂಧ್ರದ ಮೂಲಕ ಎಳೆಯಂಥ ನಳಿಕೆ ಹೊರಡುತ್ತದೆ. ಗಂಡು ಲಿಂಗಾಣುಗಳು ಉದ್ದದ ಶಲಾಕೆಯೊಳಗೆ ಈ ನಳಿಕೆಯ ದಾರಿಯಲ್ಲೇ ಇಳಿದು ಅಂಡಾಶಯ ಮುಟ್ಟಬೇಕು. ದಾಸವಾಳದ ಕುಟುಂಬದಲ್ಲಿ ಒಂದೇ ರೇಣುವಿನಿಂದ ಹಲವು ನಳಿಕೆಗಳು ಮೊಳೆಯುವುದೂ ಉಂಟು.

ಗೋಡೆಯಲ್ಲಿ ಎರಡು ಪದರ. ಒಳಗಿನದು ತೆಳು, ಮೆತು, ಸೆಲ್ಯುಲೋಸ್ ಮತ್ತು ಪೆಕ್ಟಿನ್‌ಗಳದ್ದು. ಮುಳ್ಳುಗಳಿರುವ ಹೊರಪದರ ಸ್ಪೋರೋಪೊಲೆನಿನ್ ಎಂಬ ವಸ್ತುವಿನದು. ಜೀವಿಗಳು ತಯಾರಿಸುವ ವಸ್ತುಗಳಲ್ಲಿ ಇಷ್ಟು ಗಟ್ಟಿಯಾದದ್ದು ವಿರಳ. ತೀಕ್ಷ್ಣ ಆಮ್ಲದಲ್ಲಿ ಕಾಯಿಸಿದರೆ ಒಳಗಿನದೆಲ್ಲ ಕರಗಿ ಹೋಗುತ್ತದೆ, ಈ ಚಿಪ್ಪು ಮಾತ್ರ ಉಳಿಯುತ್ತದೆ. ಕೆರೆಯ ಕೆಸರಿನಲ್ಲಿ, ಕಲ್ಲಿದ್ದಲಿನಲ್ಲಿ ಸಿಗುವ ಲಕ್ಷಾಂತರ ವರ್ಷ ಹಳೆಯ ಪರಾಗದಿಂದ ಆ ಕಾಲದ ಗಿಡಮರಗಳನ್ನು ಗುರುತಿಸಲು ಆಗುವುದು ಇದರಿಂದಲೇ. ಲಖನೌದಲ್ಲಿ 1946ರಲ್ಲಿ ಆರಂಭವಾದ ಬೀರಬಲ್ ಸಾಹನಿ ಸಂಸ್ಥೆ ಇಂಥ ಅಧ್ಯಯನಕ್ಕೆ ಹೆಸರಾದದ್ದು.

ದಾಸವಾಳ ಕಣ್ಣಿಗೆ ರೂಢಿಯಾದ ಮೇಲೆ ಬೆಂಡೆಯ ಹೂವು ತನ್ನಿ, ಹತ್ತಿಯದು ಸಿಕ್ಕರೆ ಅದನ್ನೂ. ಒಂದೇ ಕುಟುಂಬದ ಇವುಗಳ ರೇಣುಗಳೂ ಗುಂಡು, ಮುಳ್ಳುಮುಳ್ಳು. ಆಮೇಲೆ ಸಂಪಿಗೆಯನ್ನು ಇಡಿ. ಅದರ ರೇಣು ದೋಣಿಯಾಕಾರದ್ದು, ಮುಳ್ಳಿಲ್ಲ, ನಳಿಕೆ ಹೊರಡಲು ಉದ್ದಕ್ಕೆ ಒಂದೇ ಒಂದು ಸೀಳು.